ಕಟ್ಟುತ್ತ ಕಲಿಸಿದ ಡಾ. ಓಟೋ ಕೋನಿಗ್ಸ್‌ಬರ್ಗರ್

ಕಟ್ಟುವವನು ಬೇರೆ, ಕಲಿಸುವವನು ಬೇರೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿಬಿಟ್ಟಿದೆ. ಗೌಂಡಿಯ ಕೈಯಲ್ಲಿ ಥಾಪಿ, ಮಾಸ್ತರರ ಕೈಯಲ್ಲಿ ಖಡು. ಇವರು ಅವರ ಕೆಲಸಕ್ಕೆ ಕೈಹಾಕುವಂತಿಲ್ಲ, ಅವರು ಇವರ ಮಾತಿಗೆ ಬಾಯಿಹಾಕುವಂತಿಲ್ಲ. ಆದರೆ ನಮ್ಮ ಪೂರ್ವಿಕರು ಹೀಗೆ ಭಾವಿಸಿದಂತೆ ತೋರುವುದಿಲ್ಲ. ಗಜೇಂದ್ರಗಡದ ಸಮೀಪದ ಸೂಡಿಯಲ್ಲಿ ಜೋಡುಕಳಸದ ಗುಡಿಯ ಮುಂದೆ ನಿಂತವರಿಗೆ ಈ ಮಾತು ತಾನಾಗಿಯೇ ಹೊಳೆಯಬೇಕು. ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಶಿಲ್ಪಿಗಳ ಹೆಸರಿನ ಕೊನೆಗೆ ಬರುವ 'ಓಜ' ಎಂಬ ಪದ ಬೇರೆಯಲ್ಲ, 'ಉಪಾಧ್ಯಾಯ' ಎಂಬ ಪದವೇ ಸವೆದು ಸವೆದು ಹಾಗಾದದ್ದು. ಕಲ್ಲು ಕಡೆಯುವವನನ್ನು ಉಪಾಧ್ಯಾಯನೆಂದು ಕರೆದ ನಾಡು ಇದು. ಕಟ್ಟುತ್ತ ಕಲಿಸಬೇಕು, ಕಲಿಸುತ್ತ ಕಟ್ಟಬೇಕು ಎಂಬುದು ಆ ಒಂದು ಪದದಲ್ಲಿಯೇ ಅಡಗಿದೆ.

ನಾನು ಈ ಲೇಖನದಲ್ಲಿ ಹೇಳಹೊರಟಿರುವ ಡಾ. ಓಟೋ ಕೋನಿಗ್ಸ್‌ಬರ್ಗರ್ ಅವರು ಈ ಅರ್ಥದಲ್ಲಿ ಓಜರೇ ಸರಿ. ಜರ್ಮನಿಯಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ಅಲೆದು, ನಮ್ಮ ಮೈಸೂರು ಸಂಸ್ಥಾನದಲ್ಲಿ ಸರಕಾರಿ ವಾಸ್ತುಶಿಲ್ಪಿಯಾಗಿ ದುಡಿದು, ಕೊನೆಗೆ ಲಂಡನ್ನಿನಲ್ಲಿ ಪ್ರಾಧ್ಯಾಪಕರಾದ ಇವರ ಹೆಸರು ವಾಸ್ತುಶಾಸ್ತ್ರ ಕಲಿಯುವ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಕಲಾ ವಿಭಾಗದ ನಮ್ಮಂಥವರಿಗೆ ಗೊತ್ತಿರುವುದು ಕಡಿಮೆ. ಅವರು ಮೈಸೂರಿನಲ್ಲಿದ್ದ ಕಾಲಕ್ಕೆ ರೋಣ, ನರಗುಂದಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು; ಎರಡು ಕಡೆಯ ಕನ್ನಡಿಗರು ಒಂದು ರಾಜ್ಯದವರಾದದ್ದು ೧೯೫೬ರ ನವೆಂಬರ್ ೧ರಂದು. ಆದಕಾರಣ ಅವರ ಅಧಿಕಾರ ನಮ್ಮ ಎರೆನಾಡಿನವರೆಗೆ ಎಂದೂ ಚಾಚಲಿಲ್ಲ. ಆದರೂ ಅವರ ಬಾಳನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ನಮ್ಮ ಊರಿನ ಮನೆಗಳೇ. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ.

ಕೋನಿಗ್ಸ್‌ಬರ್ಗರ್ ಅವರು ೧೯೦೮ರ ಅಕ್ಟೋಬರ್ ೧೩ರಂದು ಬರ್ಲಿನ್ ನಗರದಲ್ಲಿ ಯಹೂದಿ ಮೂಲದ ಮನೆತನದಲ್ಲಿ ಜನಿಸಿದರು. ತಂದೆಯವರೂ ವಾಸ್ತುಶಿಲ್ಪಿಗಳೇ. ತಾಯಿಯ ಅಣ್ಣ ಮ್ಯಾಕ್ಸ್ ಬಾರ್ನ್. ಮುಂದೆ ೧೯೫೪ರಲ್ಲಿ ಭೌತವಿಜ್ಞಾನಕ್ಕೆ ನೊಬೆಲ್ ಪಾರಿತೋಷಕ ಪಡೆದ ಮಹಾವಿಜ್ಞಾನಿ. ಈ ಸೋದರಮಾವನೇ ಅಳಿಯನ ಬಾಳಿನ ದಿಕ್ಕನ್ನು ಒಮ್ಮೆ ತಿರುಗಿಸುವವರಿದ್ದರು. ಬರ್ಲಿನ್ನಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಓಟೋ ಕಲಿತದ್ದು ಹಾನ್ಸ್ ಪೋಲ್ಜಿಗ್, ಬ್ರೂನೋ ಟೌಟ್ ಮೊದಲಾದ ಹೆಸರಾಂತ ಗುರುಗಳ ಕೈಕೆಳಗೆ. ಟೌಟ್ ಅವರು ಬರ್ಲಿನ್ನಿನ ಕೂಲಿಕಾರರಿಗಾಗಿ ಸಾವಿರಾರು ಮನೆಗಳನ್ನು ರಚಿಸಿದವರು. ಅರಮನೆ, ಇಗರ್ಜಿಗಳನ್ನು ಬಿಟ್ಟು ಸಾಮಾನ್ಯರ ಮನೆಯತ್ತ ವಾಸ್ತುಶಿಲ್ಪಿ ತಿರುಗಬೇಕೆಂಬ ಪಾಠ ಅಲ್ಲಿಯೇ ಅವರ ಮನಸ್ಸಿಗೆ ನಾಟಿರಬೇಕು.

೧೯೩೩ರಲ್ಲಿ ಅವರಿಗೆ ಜರ್ಮನಿಯ ಪ್ರಸಿದ್ಧ ಶಿಂಕೆಲ್ ಪಾರಿತೋಷಕ ದೊರೆಯಿತು. ಯಾವ ತರುಣನಿಗಾದರೂ ಇದಕ್ಕಿಂತ ಒಳ್ಳೆಯ ಆರಂಭ ಬೇಕಿರಲಿಲ್ಲ. ಆದರೆ ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದನು. ಯಹೂದಿ ಮೂಲದವರು ಸರಕಾರಿ ನೌಕರಿಯಲ್ಲಿರಕೂಡದೆಂದು ಕಾಯಿದೆಯಾಯಿತು. ಪಾರಿತೋಷಕ ಕೊಟ್ಟ ದೇಶವೇ ನೌಕರಿಯಿಂದ ಹೊರಗಟ್ಟಿತು. ಇಪ್ಪತ್ತೈದು ತುಂಬುವುದರೊಳಗೆ ಪಡೆದದ್ದನ್ನೆಲ್ಲ ಕಳೆದುಕೊಂಡು ಅವರು ಈಜಿಪ್ಟಿಗೆ ಹೋದರು. ಅಲ್ಲಿ ಕೈರೋದಲ್ಲಿ ಲುಡ್ವಿಗ್ ಬೋರ್ಖಾರ್ಟ್ ಎಂಬ ಪುರಾತತ್ತ್ವಜ್ಞರ ಬಳಿ ಕೆಲಸ ಸಿಕ್ಕಿತು. ನೆಫರ್‌ಟಿಟಿ ರಾಣಿಯ ಜಗತ್ಪ್ರಸಿದ್ಧ ಪ್ರತಿಮೆಯನ್ನು ೧೯೧೨ರಲ್ಲಿ ನೆಲದಿಂದ ಎತ್ತಿದವರು ಈ ಬೋರ್ಖಾರ್ಟರೇ. ಕೋನಿಗ್ಸ್‌ಬರ್ಗರ್ ಅವರು ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಅದು ೧೯೩೬ರಲ್ಲಿ ಪ್ರಕಟವಾಯಿತು. ಬಾಗಿಲಿನ ಮೇಲೆ ಡಾಕ್ಟರೇಟೇ ಎಂದು ನಗುವವರು ನಗಲಿ. ಮಳೆಯೇ ಅಪರೂಪವಾದ, ಬಿಸಿಲೇ ದೊರೆಯಾದ ನಾಡಿನಲ್ಲಿ ಮೂರು ಸಾವಿರ ವರ್ಷಗಳ ಹಿಂದಿನ ಬಡಗಿ ಬಾಗಿಲನ್ನು ಹೇಗೆ ಜೋಡಿಸಿದ, ಏಕೆ ಹಾಗೆ ಜೋಡಿಸಿದ ಎಂದು ಕೂತು ನೋಡುವುದು ಸಣ್ಣ ತರಬೇತಿಯಲ್ಲ.

ಇತ್ತ ಮ್ಯಾಕ್ಸ್ ಬಾರ್ನರೂ ಜರ್ಮನಿಯನ್ನು ತೊರೆದಿದ್ದರು. ೧೯೩೫ರಲ್ಲಿ ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು. ಅವರನ್ನು ಕಾಯಮ್ಮಾಗಿ ಉಳಿಸಿಕೊಳ್ಳಬೇಕೆಂದು ರಾಮನ್ ಅವರು ಪಟ್ಟ ಶ್ರಮ ಫಲಿಸಲಿಲ್ಲ. ಆದರೆ ಆ ದಿನಗಳಲ್ಲಿ ಬಾರ್ನರಿಗೆ ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲರ ಪರಿಚಯವಾಗಿತ್ತು. ಸಂಸ್ಥಾನಕ್ಕೆ ಒಬ್ಬ ವಾಸ್ತುಶಿಲ್ಪಿ ಬೇಕಾದಾಗ ಈ ಪರಿಚಯ ಅಳಿಯನಿಗೆ ನೆರವಾಯಿತು. ೧೯೩೯ರಲ್ಲಿ, ಎರಡನೆಯ ಮಹಾಯುದ್ಧ ಹತ್ತುವುದಕ್ಕೆ ಕೆಲವೇ ತಿಂಗಳ ಮುಂಚೆ, ಕೋನಿಗ್ಸ್‌ಬರ್ಗರ್ ಬೆಂಗಳೂರಿಗೆ ಬಂದು ಸೇರಿದರು. ಮಾವನಿಗೆ ದಕ್ಕದ ಊರು ಅಳಿಯನಿಗೆ ದಕ್ಕಿತು.

ದಿವಾನರೂ ವಾಸ್ತುಶಿಲ್ಪಿಗಳೂ ಇಬ್ಬರೂ ಕೆಲಸಗಾರರೇ. ಆದರೆ ಅಭಿರುಚಿ ಬೇರೆ ಬೇರೆ. ಮಿರ್ಜಾ ಅವರಿಗೆ ಉದ್ಯಾನ, ಗುಮ್ಮಟ, ಕಮಾನು, ಎರಡೂ ಕಡೆ ಸರಿತೂಗುವ ಅಂದ ಇವುಗಳ ಮೇಲೆ ಪ್ರೀತಿ. ಬರ್ಲಿನ್ನಿನಿಂದ ಬಂದವರಿಗೆ ಅಲಂಕಾರಕ್ಕಿಂತ ಉಪಯೋಗ ದೊಡ್ಡದು. ದಿವಾನರ ಮಾತಿಗೆ ಬಗ್ಗಿದ್ದುಂಟು, ತಮ್ಮ ಹಟ ನಡೆಸಿದ್ದುಂಟು. ೧೯೪೧ರಲ್ಲಿ ಮಿರ್ಜಾ ಅವರು ದಿವಾನಗಿರಿ ಬಿಟ್ಟ ಮೇಲೆ ಕೋನಿಗ್ಸ್‌ಬರ್ಗರ್ ಅವರ ಕಟ್ಟಡಗಳು ಹೆಚ್ಚು ಸರಳವಾದವು. ಅದಕ್ಕೆ ಯುದ್ಧವೂ ಕಾರಣ. ಸಿಮೆಂಟು, ಉಕ್ಕು ಎರಡಕ್ಕೂ ಬರ ಬಂದಿತ್ತು. ಊರಿನಲ್ಲಿ ಸಿಕ್ಕುವ ಕಲ್ಲು, ಇಟ್ಟಿಗೆ, ಹಂಚು, ಕಟ್ಟಿಗೆಗಳಲ್ಲಿಯೇ ಕೆಲಸ ತೆಗೆಯಬೇಕಾಯಿತು. ಕೊರತೆ ಕೆಲವು ಸಲ ಒಳ್ಳೆಯ ಗುರುವೇ.

ಅವರ ಮೈಸೂರು ದಿನಗಳ ಕೆಲಸವನ್ನು ನೋಡಬಯಸುವವರು ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಬೇಕು. ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹುಟ್ಟಿತು. ೧೯೪೨ರ ಕೊನೆಗೆ ಸಂಸ್ಥೆಯಲ್ಲಿ ವಿಮಾನ ಶಾಸ್ತ್ರದ ವಿಭಾಗ ಆರಂಭವಾಯಿತು. ಅದರ ಕಟ್ಟಡ, ಗಾಳಿಯ ಒತ್ತಡವನ್ನು ಪರೀಕ್ಷಿಸುವ ಗಾಳಿಸುರಂಗ, ಲೋಹಶಾಸ್ತ್ರ ವಿಭಾಗ, ವಿದ್ಯಾರ್ಥಿಗಳ ಊಟದ ಶಾಲೆ ಇವೆಲ್ಲ ಕೋನಿಗ್ಸ್‌ಬರ್ಗರ್ ಅವರ ರಚನೆಗಳು. ಈ ಕಟ್ಟಡಗಳ ಗುಟ್ಟನ್ನು ಅರಿಯಲು ಸೂರ್ಯನ ಓಡಾಟವನ್ನು ಸ್ವಲ್ಪ ಗಮನಿಸಬೇಕು. ನಮ್ಮ ನಾಡಿನಲ್ಲಿ ಮಧ್ಯಾಹ್ನದ ಸೂರ್ಯ ಬಹುತೇಕ ನೆತ್ತಿಯ ಸಮೀಪ ಇರುತ್ತಾನೆ. ಉತ್ತರ ದಕ್ಷಿಣದ ಗೋಡೆಗಳಿಗೆ ಒಂದು ಮೊಳದ ಛಜ್ಜಾ ಇದ್ದರೆ ನೆರಳು ಬಿದ್ದೀತು. ಆದರೆ ಬೆಳಗಿನ ಹಾಗೂ ಇಳಿಹೊತ್ತಿನ ಬಿಸಿಲು ಅಡ್ಡಡ್ಡಲಾಗಿ ಬರುವುದರಿಂದ ಮೂಡಣ ಪಡುವಣದ ಗೋಡೆಗಳನ್ನು ಯಾವ ಛಜ್ಜಾವೂ ಕಾಯಲಾರದು. ಆದ್ದರಿಂದ ಕಟ್ಟಡವನ್ನು ಮೂಡಣದಿಂದ ಪಡುವಣಕ್ಕೆ ಉದ್ದವಾಗಿ, ಅಗಲ ಕಡಿಮೆಯಾಗಿ ಮಲಗಿಸಬೇಕು; ಕಿರಿಯ ಗೋಡೆಗಳೆರಡೂ ಮೂಡಣ ಪಡುವಣಕ್ಕೆ ಬರಬೇಕು; ಗಾಳಿ ಒಂದು ಬದಿಯಿಂದ ಹೊಕ್ಕು ಮತ್ತೊಂದು ಬದಿಯಿಂದ ಹೊರಬೀಳಬೇಕು; ಪಡಸಾಲೆ ಬಿಸಿಲನ್ನು ಕುಡಿದು ಒಳಗಿನ ಕೋಣೆಯನ್ನು ತಂಪಾಗಿಡಬೇಕು. ಹೇಳಿದರೆ ಇಷ್ಟೇ ಎನಿಸುತ್ತದೆ. ಇಷ್ಟನ್ನು ಮಾಡದ ಕಟ್ಟಡಗಳು ಇಂದಿಗೂ ಪ್ರತಿ ತಾಲೂಕಿನಲ್ಲಿ ಏಳುತ್ತಲೇ ಇವೆ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರರಿಗಾಗಿ ಹೊಸ ಊರಿನ ನಕಾಶೆಯನ್ನು ಅವರು ಸಿದ್ಧಪಡಿಸಿದರು. ಟಾಟಾ ಕಂಪನಿಯವರು ಕರೆದಾಗ ೧೯೪೫ರಲ್ಲಿ ಜಮಶೇಡಪುರದ ಅಭಿವೃದ್ಧಿ ಯೋಜನೆಯನ್ನು ಬರೆದುಕೊಟ್ಟರು; ಆ ಊರಿಗೆ ಅದು ನಾಲ್ಕನೆಯ ಯೋಜನೆ. ೧೯೪೮ರ ಏಪ್ರಿಲ್ ೧೩ರಂದು ಪಂಡಿತ ನೆಹರೂ ಅವರು ಅಡಿಗಲ್ಲಿಟ್ಟ ಭುವನೇಶ್ವರದ ಹೊಸ ರಾಜಧಾನಿಯ ನಕಾಶೆಯೂ ಇವರದೇ. ಈ ಊರುಗಳನ್ನು ಯೋಜಿಸುವಾಗ ಅವರು ಹಿಡಿದ ಅಳತೆಗೋಲು ಮಗುವಿನ ಹೆಜ್ಜೆ. ಊರನ್ನು ಚಿಕ್ಕ ಚಿಕ್ಕ ಕೇರಿಗಳಾಗಿ ಒಡೆಯಬೇಕು. ಒಂದೊಂದು ಕೇರಿಗೂ ಅದರದೇ ಶಾಲೆ, ಅಂಗಡಿ, ದವಾಖಾನೆ ಇರಬೇಕು. ಮಗು ಹೆದ್ದಾರಿಯನ್ನು ದಾಟದೆ ಶಾಲೆಗೆ ನಡೆದು ಹೋಗುವಂತಿರಬೇಕು. ಭುವನೇಶ್ವರವನ್ನು ಯೋಜಿಸಿದ್ದು ಸುಮಾರು ೪೦,೦೦೦ ಜನಕ್ಕೆ. ೨೦೧೧ರ ಜನಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ ೮ ಲಕ್ಷವನ್ನು ಮೀರಿತ್ತು. ಇಷ್ಟರ ನಡುವೆ ಮುಲ್ಕ್ ರಾಜ್ ಆನಂದರು ೧೯೪೬ರಲ್ಲಿ ಮುಂಬಯಿಯಲ್ಲಿ 'ಮಾರ್ಗ್' ಪತ್ರಿಕೆಯನ್ನು ಆರಂಭಿಸಿದಾಗ ಆ ಬಳಗದಲ್ಲಿಯೂ ಇವರು ಇದ್ದರು.

ಇನ್ನು ಅವರ ಸೋಲಿನ ಕಥೆ. ಇದನ್ನು ಬಿಟ್ಟು ಅವರ ಚರಿತ್ರೆ ಬರೆಯುವುದು ನ್ಯಾಯವಲ್ಲ. ದೇಶ ವಿಭಜನೆಯಾಗಿ ಲಕ್ಷಾಂತರ ನಿರಾಶ್ರಿತರು ದಿಲ್ಲಿಗೆ ಬಂದು ಬಿದ್ದಿದ್ದರು. ೧೯೪೮ರಲ್ಲಿ ಭಾರತ ಸರಕಾರ ಕೋನಿಗ್ಸ್‌ಬರ್ಗರ್ ಅವರನ್ನು ವಸತಿ ನಿರ್ದೇಶಕರನ್ನಾಗಿ ನೇಮಿಸಿತು. ತಾನೇ ದೇಶಭ್ರಷ್ಟನಾಗಿ ಬಂದವನಿಗೆ ದೇಶಭ್ರಷ್ಟರ ಮನೆಯ ಹೊಣೆ. ಫರೀದಾಬಾದ್, ಗಾಂಧಿಧಾಮ ಮೊದಲಾದ ಹೊಸ ಊರುಗಳ ಕೆಲಸ ನಡೆಯಿತು. ಆದರೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತ ಹೋದರೆ ಇಷ್ಟು ಜನಕ್ಕೆ ಎಂದಿಗೆ ಸೂರು? ಅದಕ್ಕಾಗಿ ದಿಲ್ಲಿಯ ಜಂಗಪುರದಲ್ಲಿ ಒಂದು ಮನೆಯ ಕಾರ್ಖಾನೆಯನ್ನು ತೆರೆದರು. ಹಗುರವಾದ ಕಾಂಕ್ರೀಟಿನ ಗೋಡೆ ಮಾಡುಗಳನ್ನು ಅಲ್ಲಿಯೇ ಎರಕ ಹೊಯ್ದು, ಲಾರಿಯಲ್ಲಿ ಸಾಗಿಸಿ, ನಿವೇಶನದಲ್ಲಿ ಜೋಡಿಸಿಬಿಡುವುದು ಉದ್ದೇಶ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಕಾರ್ಖಾನೆಯಿಂದ ಹೊರಬಿದ್ದ ಹಲಗೆಗಳು ಬಿರುಕುಬಿಟ್ಟವು; ವೆಚ್ಚ ಏರಿತು; ಮನೆಗಳು ಎಣಿಸಿದಷ್ಟು ಏಳಲಿಲ್ಲ. ಪಾರ್ಲಿಮೆಂಟಿನಲ್ಲಿ ಕಟುವಾದ ಟೀಕೆ ಎದ್ದಿತು. ೧೯೫೧ರಲ್ಲಿ ಅವರು ಭಾರತವನ್ನು ಬಿಟ್ಟು ಇಂಗ್ಲೆಂಡಿಗೆ ಹೋದರು. ಆ ಕಾರ್ಖಾನೆ ೧೯೫೩ರಲ್ಲಿ ಬೇರೆ ಹೆಸರಿನಿಂದ ಬೇರೆ ರೀತಿಯ ಕೆಲಸಕ್ಕೆ ತೊಡಗಿತು.

ಹನ್ನೆರಡು ವರ್ಷ ಒಂದು ದೇಶಕ್ಕೆ ದುಡಿದು, ಕೊನೆಗೆ ಇಂಥ ಮಾತು ಕೇಳಿ ಹೊರಟವನು ಕಹಿಯಾಗಿ ಕೂರಬಹುದಾಗಿತ್ತು. ಕೋನಿಗ್ಸ್‌ಬರ್ಗರ್ ಹಾಗೆ ಕೂರಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ಉಪಾಧ್ಯಾಯಗಿರಿ ಆರಂಭವಾದದ್ದು ತರಗತಿಯ ಬಾಗಿಲಲ್ಲಲ್ಲ. ಜಂಗಪುರದ ಬಿರುಕುಬಿಟ್ಟ ಹಲಗೆಗಳ ಮುಂದೆ.

೧೯೫೩ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನಲ್ಲಿ ಉಷ್ಣದೇಶಗಳ ವಾಸ್ತುವನ್ನು ಕುರಿತು ಒಂದು ಸಮ್ಮೇಳನ ನಡೆಯಿತು. ಅದಕ್ಕೆ ಕಾರಣನಾದವನು ಆಡೆಡೊಕುನ್ ಆಡೆಯೆಮಿ ಎಂಬ ನೈಜೀರಿಯದ ವಿದ್ಯಾರ್ಥಿ. ಮಂಜು ಬೀಳುವ ದೇಶದ ಮನೆಗಳ ಪಾಠ ಓದಿಕೊಂಡು ಸುಡುಬಿಸಿಲಿನ ನಾಡಿಗೆ ಹೋಗಿ ನಾವು ಕಟ್ಟುವುದೇನು ಎಂಬುದು ಅವನ ಅಳಲು. ಮಾಸ್ತರರೆಲ್ಲ ಸೇರಿ ಉತ್ತರ ಹುಡುಕಬೇಕಾದ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿ ಎತ್ತಿದನೆಂಬುದನ್ನು ನಮ್ಮ ಕಾಲೇಜಿನ ಗೆಳೆಯರು ಗಮನಿಸಬೇಕು. ಮರುವರ್ಷವೇ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಎಂಬ ಹಳೆಯ ಶಾಲೆಯಲ್ಲಿ ಉಷ್ಣದೇಶಗಳ ವಾಸ್ತುವಿಭಾಗ ತೆರೆಯಿತು. ಮೊದಲು ಮ್ಯಾಕ್ಸ್‌ವೆಲ್ ಫ್ರೈ ಅವರು ಅದರ ಮುಖ್ಯಸ್ಥರಾಗಿದ್ದರು. ೧೯೫೭ರಿಂದ ಕೋನಿಗ್ಸ್‌ಬರ್ಗರ್ ಅವರ ಕೈಗೆ ಬಂದಿತು. ಏಷ್ಯ, ಆಫ್ರಿಕಗಳ ಹೊಸ ಸ್ವತಂತ್ರ ದೇಶಗಳಿಂದ ತರುಣರು ಅಲ್ಲಿಗೆ ಬಂದು ಕಲಿತು ಹೋದರು. ಮುಂದೆ ಬಾಂಗ್ಲಾದೇಶದ ಹಿರಿಯ ವಾಸ್ತುಶಿಲ್ಪಿಯೆನಿಸಿದ ಮುಝರುಲ್ ಇಸ್ಲಾಂ ಅವರೂ ಆ ವಿಭಾಗದಲ್ಲಿ ಓದಿದವರೇ.

ಪಾಠ ಹೇಳುವ ಕೆಲಸ ಸಿಕ್ಕಿತೆಂದು ಅವರು ಹೊರಗಿನ ಕೆಲಸ ಬಿಡಲಿಲ್ಲ. ವಿಶ್ವಸಂಸ್ಥೆಯ ಪರವಾಗಿ ದೇಶದೇಶಗಳಿಗೆ ಹೋಗಿಬರುತ್ತಿದ್ದರು. ಅಲ್ಲಿ ಕಂಡದ್ದು ತರಗತಿಗೆ ಬರುತ್ತಿತ್ತು, ತರಗತಿಯಲ್ಲಿ ತಿಳಿಯಾದದ್ದು ಅಲ್ಲಿಗೆ ಹೋಗುತ್ತಿತ್ತು. ಅವುಗಳಲ್ಲಿ ಒಂದನ್ನು ಮಾತ್ರ ವಿಸ್ತಾರವಾಗಿ ಹೇಳುತ್ತೇನೆ. ೧೯೫೪ರ ಸುಮಾರಿಗೆ ಅವರು ಚಾರ್ಲ್ಸ್ ಏಬ್ರಮ್ಸ್, ವ್ಲಾದಿಮಿರ್ ಬೊದಿಯಾನ್‌ಸ್ಕಿ ಎಂಬವರ ಜೊತೆಗೆ ಇಂದಿನ ಘಾನಾ ದೇಶಕ್ಕೆ ಹೋದರು. ಅಲ್ಲಿಯ ಹಳ್ಳಿಗರು ಮಣ್ಣಿನ ಗೋಡೆಯನ್ನು ತಾವೇ ಎಬ್ಬಿಸಬಲ್ಲರು. ಮಣ್ಣು ಊರಿನದು, ದುಡಿಮೆ ಮನೆಯದು. ಕೈ ಸೋಲುವುದು ಮಾಡಿಗೆ ಬಂದಾಗ. ಮಾಡಿಗೆ ರೊಕ್ಕ ಬೇಕು. ರೊಕ್ಕವಿಲ್ಲದೆ ಅರ್ಧಕ್ಕೆ ನಿಂತ ಗೋಡೆ ಮಳೆಗೆ ಕರಗುತ್ತದೆ. ಹಾಗಾದರೆ ಸರಕಾರ ಇಡೀ ಮನೆಯನ್ನು ಕಟ್ಟಿಕೊಡುವ ಗೋಜಿಗೆ ಹೋಗಬೇಕೇಕೆ? ಗೋಡೆ ಎಬ್ಬಿಸಿದವನಿಗೆ ಮಾಡು, ಬಾಗಿಲು, ಕಿಟಕಿಗಳಿಗೆ ಬೇಕಾದಷ್ಟು ಸಾಲ ಕೊಟ್ಟರೆ ಸಾಕು, ಅವನೇ ತೀರಿಸುತ್ತ ಬರುತ್ತಾನೆ. ಇದೇ ಮುಂದೆ 'ಮಾಡಿನ ಸಾಲ' ಎಂದು ಹೆಸರಾದ ಯೋಜನೆ. ಗೋಡೆಯನ್ನೂ ಮಾಡನ್ನೂ ಕಾರ್ಖಾನೆಯಲ್ಲಿ ಎರಕ ಹೊಯ್ಯಹೊರಟಿದ್ದ ದಿಲ್ಲಿಯ ನಿರ್ದೇಶಕರು ಕೆಲವೇ ವರ್ಷಗಳಲ್ಲಿ ಎಷ್ಟು ದೂರ ನಡೆದು ಬಂದಿದ್ದರೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಊರಿನ ಮನೆಗಳು ನನಗೆ ನೆನಪಾದದ್ದು ಇಲ್ಲಿಯೇ. ರೋಣ, ನರಗುಂದದ ಎರೆಸೀಮೆಯ ಹಳೆಯ ಮನೆಗಳನ್ನು ಬಲ್ಲವರಿಗೆ ಹೇಳಬೇಕಾದದ್ದಿಲ್ಲ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಕಟ್ಟಿಗೆ ಕಡ್ಡಿ ಹಾಸಿ ಸವಳು ಮಣ್ಣು ಬಡಿದ ಮೇಲ್ಮುದ್ದೆ. ನಡುವೆ ಒಂದು ಬೆಳಕಿಂಡಿ. ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ಕಡೆ ಸೂರ್ಯ ನೆಟ್ಟನೆ ನೆತ್ತಿಗೆ ಬರುತ್ತಾನೆ; ಬಿಸಿಲಿನ ಪೆಟ್ಟೆಲ್ಲ ಮಾಡಿಗೆ. ದಪ್ಪ ಮಣ್ಣು ಆ ಕಾವನ್ನು ಕೂಡಲೆ ಒಳಗೆ ಬಿಡುವುದಿಲ್ಲ. ಹಗಲು ಹೀರಿದ ಕಾವು ಒಳಗೆ ಇಳಿಯುವ ಹೊತ್ತಿಗೆ ರಾತ್ರಿಯಾಗಿ, ಮನೆಮಂದಿ ಮಾಳಿಗೆಯ ಮೇಲೋ ಕಟ್ಟೆಯ ಮೇಲೋ ಮಲಗಿರುತ್ತಾರೆ. ಗೌಂಡಿ ಕೆಲಸ ಮಾಡುವ ನನ್ನ ಸೋದರಮಾವನಿಗೆ ಇದು ಗೊತ್ತು. ಏಕೆ ಹೀಗೆಂದು ಕೇಳಿದರೆ ಹಿರಿಯರು ಹೀಗೆ ಕಟ್ಟುತ್ತಿದ್ದರೆಂದಷ್ಟೇ ಹೇಳುತ್ತಾರೆ. ಕೋನಿಗ್ಸ್‌ಬರ್ಗರ್ ಅವರು ಮೂವರು ಸಂಗಡಿಗರೊಡನೆ ಬರೆದು ೧೯೭೪ರಲ್ಲಿ ಹೊರತಂದ ಉಷ್ಣದೇಶಗಳ ವಸತಿ ಹಾಗೂ ಕಟ್ಟಡಗಳ ಕೈಪಿಡಿ ಆ 'ಏಕೆ' ಎಂಬುದಕ್ಕೆ ಲೆಕ್ಕ ಸಹಿತ ಉತ್ತರ ಕೊಡುತ್ತದೆ. ಒಣಬಿಸಿಲಿನ ನಾಡಿಗೆ ದಪ್ಪ ಗೋಡೆ, ಕಿರಿಯ ಕಿಂಡಿ. ಕರಾವಳಿಯಂಥ ಬೆವರುವ ನಾಡಿಗೆ ತೆಳು ಗೋಡೆ, ಅಗಲವಾದ ಕಿಟಕಿ. ಅವರ ವಿಭಾಗದ ಕಾರ್ಲ್ ಮಹೋನಿ ಎಂಬವರು ರೂಪಿಸಿದ ಕೋಷ್ಟಕಗಳಲ್ಲಿ ಒಂದು ಊರಿನ ತಿಂಗಳು ತಿಂಗಳಿನ ಉಷ್ಣತೆ, ತೇವ, ಮಳೆ, ಗಾಳಿಗಳನ್ನು ತುಂಬಿದರೆ ಆ ಊರಿಗೆ ಎಂಥ ಮನೆ ಒಪ್ಪುತ್ತದೆಂಬುದು ಹೊರಬೀಳುತ್ತದೆ. ನನ್ನ ಮಾವನ ಕೈಗೆ ಗೊತ್ತಿದ್ದದ್ದೇ ಆ ಕೋಷ್ಟಕದ ಕೊನೆಯ ಸಾಲಿನಲ್ಲಿದೆ ಎಂಬುದು ನನಗಂತೂ ಬಹಳ ಸಂತೋಷದ ವಿಷಯ.

ಆದರೆ ಇಂದು ಮೇಲ್ಮುದ್ದೆ ಹೋಗಿ ತಗಡು ಬಂದಿದೆ. ಮೇಲ್ಮುದ್ದೆಗೆ ಹಾಕುವ ಕಟ್ಟಿಗೆ ಸಿಕ್ಕುವುದಿಲ್ಲ, ವರ್ಷ ವರ್ಷ ಮಣ್ಣು ಹಾಕುವ ಆಳು ಸಿಕ್ಕುವುದಿಲ್ಲ, ಜಡಿಮಳೆ ಹಿಡಿದರೆ ಸೋರುವುದು ತಪ್ಪುವುದಿಲ್ಲ. ಜನರನ್ನು ದೂರಿ ಫಲವಿಲ್ಲ. ೨೦೦೯ರಲ್ಲಿ ಮಲಪ್ರಭೆಯೂ ಬೆಣ್ಣಿಹಳ್ಳವೂ ಉಕ್ಕಿ ಹರಿದಾಗ ಮಣ್ಣಿನ ಗೋಡೆಗಳು ಹೇಗೆ ಕರಗಿ ಕುಸಿದವೆಂಬುದನ್ನು ನಮ್ಮ ತಾಲೂಕುಗಳ ಜನ ಮರೆತಿಲ್ಲ. ಆ ಮೇಲೆ ನದಿಯಿಂದ ದೂರ ಎತ್ತರದ ನೆಲದಲ್ಲಿ ಸಾಲು ಸಾಲಾಗಿ ಮನೆಗಳೆದ್ದವು. ಗಟ್ಟಿಯಾದ ಮನೆಗಳೇ. ಆದರೆ ಎತ್ತು ಕಟ್ಟಲು ಜಾಗವೆಲ್ಲಿ, ಬಣವೆ ಒಟ್ಟಲು ಹಿತ್ತಲೆಲ್ಲಿ? ಗಜೇಂದ್ರಗಡದ ಕಡೆಯ ನೇಕಾರನಾದರೆ ಕುಣಿಮಗ್ಗವನ್ನು ಎಲ್ಲಿ ಹೂಡಿಯಾನು? ರೈತನ ಮನೆ, ನೇಕಾರನ ಮನೆ ಬರಿಯ ಮಲಗುವ ಮನೆಯಲ್ಲ, ದುಡಿಯುವ ಮನೆ. ಕೆಲವರು ಹೊಸ ಮನೆಗೆ ಬೀಗ ಹಾಕಿ ಹಳೆಯ ಊರಿಗೇ ಮರಳಿದರು. ದಿಲ್ಲಿಯ ಕಾರ್ಖಾನೆಯ ಕಥೆ ಓದಿದಾಗ ನನಗೆ ಇದು ನೆನಪಾಯಿತು. ಮಾಡಿನ ಸಾಲದ ಕಥೆ ಓದಿದಾಗ ಇನ್ನೂ ಹೆಚ್ಚಾಗಿ ನೆನಪಾಯಿತು.

ಅವರ ಉಳಿದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಪಾಕಿಸ್ತಾನ, ಫಿಲಿಪ್ಪೀನ್ಸ್, ನೈಜೀರಿಯಗಳಿಗೆ ಸಲಹೆಗಾರರಾಗಿ ಹೋದರು. ೧೯೬೩ರಲ್ಲಿ ಏಬ್ರಮ್ಸ್ ಮತ್ತು ಜಪಾನಿನ ಸುಸುಮು ಕೋಬೆ ಇವರೊಡನೆ ಸಿಂಗಪುರಕ್ಕೆ ಹೋಗಿ, ದ್ವೀಪದ ನಡುವಿನ ಕೆರೆ ಕಾಡುಗಳನ್ನು ಹಾಗೆಯೇ ಬಿಟ್ಟು ಸುತ್ತಲೂ ಬಳೆಯ ಆಕಾರದಲ್ಲಿ ಊರು ಬೆಳೆಯಲಿ ಎಂದು ಸೂಚಿಸಿದರು. ಇಪ್ಪತ್ತು ವರ್ಷಗಳ ಮುಂದಿನ ನಕಾಶೆಯನ್ನು ಬರೆದು ಮುಗಿಸುವಷ್ಟರಲ್ಲಿ ಊರೇ ಬದಲಾಗಿರುತ್ತದೆ. ಆದ್ದರಿಂದ ಇಂದು ಆಗಬೇಕಾದದ್ದನ್ನು ಇಂದೇ ತೊಡಗಿ, ಮಾಡುತ್ತ ತಿದ್ದುತ್ತ ಹೋಗಬೇಕೆಂಬುದು ಅವರ ಮತವಾಯಿತು. ಭುವನೇಶ್ವರದ ನಕಾಶೆ ಬರೆದವರು ಈ ಮಾತಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ೧೯೭೧ರಲ್ಲಿ ಅವರ ವಿಭಾಗ ಯೂನಿವರ್ಸಿಟಿ ಕಾಲೇಜಿಗೆ ಸೇರಿ ಅಭಿವೃದ್ಧಿ ಯೋಜನಾ ಕೇಂದ್ರವಾಯಿತು. ಬರಿಯ ಕಟ್ಟಡ ಕಲಿಸಿದರೆ ಸಾಲದು. ಭೂಮಿ, ರೊಕ್ಕ, ಆಡಳಿತ ಇವನ್ನೂ ಕಲಿಸಬೇಕೆಂಬುದು ಈ ಹೊಸ ಹೆಸರಿನ ಅರ್ಥ. ೧೯೭೮ರಲ್ಲಿ ಪ್ರಾಧ್ಯಾಪಕ ಪದವಿಯಿಂದ ನಿವೃತ್ತರಾದರು. ೧೯೮೯ರಲ್ಲಿ ವಿಶ್ವಸಂಸ್ಥೆಯ ವಸತಿ ವಿಭಾಗ ಗೌರವ ಪತ್ರ ನೀಡುವ ಪದ್ಧತಿಯನ್ನು ಆರಂಭಿಸಿದಾಗ ಮೊದಲ ವರ್ಷವೇ ಅದು ಇವರಿಗೆ ಸಂದಿತು.

೧೯೯೯ರ ಜನವರಿ ೩ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಕೋನಿಗ್ಸ್‌ಬರ್ಗರ್ ಅವರು ಲಂಡನ್ನಿನಲ್ಲಿ ತೀರಿಕೊಂಡರು. ಅವರ ಕೈಪಿಡಿಯ ಭಾರತೀಯ ಮುದ್ರಣ ನಮ್ಮ ದೇಶದ ವಾಸ್ತು ಕಾಲೇಜುಗಳಲ್ಲಿ ಪಠ್ಯವಾಗಿ ನಡೆದುಬಂದಿದೆ. ಅದನ್ನು ಓದಿ ಪಾಸಾದವರು ನಮ್ಮ ತಾಲೂಕಿನ ಯಾವುದಾದರೊಂದು ಮನೆಯ ನಕಾಶೆ ಬರೆಯಲು ಬಂದಾಗ, ನನ್ನ ಮಾವನಂಥ ಗೌಂಡಿಯೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ ಎಂದು ನನಗೆ ಆಸೆ.